ಬದಿಯಡ್ಕದ ತರಬೇತಿಯಲ್ಲಿ ನಕ್ಕದ್ದು

ನಮ್ಮ ಕಾಸರಗೋಡಿನ ಕಡೆ ಅಂಗವಿಕಲರ ಬಗ್ಗೆ ತರಬೇತಿ ಅಂದ್ರೆ ಎಲ್ಲರೂ ಮುಖ ಸಪ್ಪೆ ಮಾಡಿಯೇ ಬಂದು ಕೂರುದು. ಕಾರಣವೂ ಉಂಟು, ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅಂತ ವಿಷದ ಕೀಟನಾಶಕ ಬಿಟ್ಟು ತುಂಬ ಮಕ್ಕಳು ಅಂಗವಿಕಲರಾದ ಊರುಗಳಿವು, ಎಣ್ಮಕಜೆ, ಬೆಳ್ಳೂರು, ಮುಳಿಯಾರು ಅಂತ ಹೆಸರು ಹೇಳಿದ್ರೆ ಸಾಕು ಕಣ್ಣಲ್ಲಿ ನೀರು ಬರ್ತದೆ. ಆದ್ರೆ ಅತ್ತು ಮನೆಗೆ ಹೋದ ಮೇಲೆ ಯಾವ ಆಫೀಸಿನ ಮೆಟ್ಟಿಲೂ ಬದಲಾದದ್ದು ನಾನು ನೋಡ್ಲಿಲ್ಲ.

ಈ ಸಲ ಬದಿಯಡ್ಕದಲ್ಲಿ ಅಂಗನವಾಡಿ ಟೀಚರ್‌ಗಳು, ಕುಟುಂಬಶ್ರೀಯವರು (ಹೆಂಗಸರ ಸ್ವಸಹಾಯ ಸಂಘದವರು), ಪಂಚಾಯತಿನವರು ಎಲ್ಲ ಒಟ್ಟಿಗೆ ಇದ್ದೆವು. ಕ್ಲಾಸ್ ತೆಗೊಂಡದ್ದು ಕಣ್ಣು ಕಾಣದ ಒಬ್ಬರು ಮಾಷ್ಟ್ರು. ಬಂದವರೇ ಹೇಳಿದ್ರು, "ಬಸ್ಸಲ್ಲಿ ಕಂಡಕ್ಟರ್ ನನ್ನತ್ರ ಕೇಳುದೇ ಇಲ್ಲ, ಹತ್ರ ಕೂತವರತ್ರ ಕೇಳುದು, ಇವರಿಗೆ ಎಲ್ಲಿಗೆ ಅಂತ. ನಾನೂ ಅವರತ್ರವೇ ಹೇಳ್ತೇನೆ, ಇವರಿಗೆ ಕುಂಬಳೆಗೆ ಅಂತೆ, ಚಿಲ್ಲರೆಯೂ ಉಂಟಂತೆ, ಸ್ವಲ್ಪ ಹೇಳಿ ಮಾರಾಯ್ರೆ." ಇಡೀ ಹಾಲ್ ನಕ್ಕಿತು, ನಕ್ಕದ್ದು ಕಂಡಕ್ಟರನ ಮೇಲೆ, ಕಣ್ಣಿನ ಮೇಲೆ ಅಲ್ಲ.

ಆಮೇಲೆ ಆ ಹಾಲ್‌ಗೆ ವೀಲ್‌ಚೇರ್ ಹತ್ತಿಸುವ ರ‍್ಯಾಂಪಿನ ಮಾತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇಲ್ಲಿಯ ಒಂದೂವರೆ ಅಡಿಗೆ ಹದಿನೆಂಟು, ಇದ್ದದ್ದು ಆರಡಿಯೂ ಇಲ್ಲ. "ವೀಲ್‌ಚೇರ್ ಹತ್ತಲಿಕ್ಕೆ ಆಗ್ಲಿಕ್ಕಿಲ್ಲ, ಇಳಿಯುವಾಗ ಮಾತ್ರ ಸೀದಾ ಪೇಟೆಗೆ ಮುಟ್ತದೆ" ಅಂದ್ರು ಮಾಷ್ಟ್ರು. ಓವರ್ಸಿಯರ್ ನಗ್ತಾ ನಗ್ತಾ ಎದ್ದು ಟೇಪ್ ತರ್ಲಿಕ್ಕೆ ಹೋದ್ರು!

ಮಧ್ಯಾಹ್ನದ ಮೇಲೆ ಒಬ್ಬರು, ಯಕ್ಷಗಾನದಲ್ಲಿ ಹಾಸ್ಯ ಮಾಡುವವರು, ಉಗ್ಗುವ ಪಾತ್ರ ಮಾಡಿ ತೋರಿಸಿದ್ರು. ತುಂಬ ಜನ ನಕ್ಕರು, ಹಿಂದೆ ಮಗನನ್ನು ಕರ್ಕೊಂಡು ಕೂತಿದ್ದ ಒಬ್ಬರು ಅಮ್ಮ ನಗ್ಲಿಲ್ಲ, ಹುಡುಗ ಬಡ್ಸ್ ಶಾಲೆಗೆ (ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ವಿಶೇಷ ಶಾಲೆ) ಹೋಗುವವ. ಮಾಷ್ಟ್ರು ಬೈಲಿಲ್ಲ, "ಪಾತ್ರ ಚೆನ್ನಾಗುಂಟು, ಈಗ ನೀವು ಕೌಂಟರಿನ ಕ್ಲಾರ್ಕ್ ಆಗಿ, ಉಗ್ಗುವುದು ನಾನು" ಅಂದ್ರು. ಮಾಷ್ಟ್ರು "ಅ... ಅ..." ಅಂತ ಶುರು ಮಾಡಿದ್ದೇ ತಡ ಕ್ಲಾರ್ಕ್ ಗಡಿಬಿಡಿಯಲ್ಲಿ "ಅಕ್ಕಿಯಾ? ಅರ್ಜಿಯಾ? ಅಡ್ರೆಸ್ಸಾ?" ಅಂತ ಫೈಲ್ ಮೇಲೆ ಫೈಲ್ ತೆಗೀತಾ ಹೋದ್ರು, ಕೊನೆಗೆ ಮಾಷ್ಟ್ರು ಹೇಳಿ ಮುಗಿಸಿದ್ರು, "ಅ... ಅವಸರ ಬೇಡ." ಆ ಅಮ್ಮ ಹೊಟ್ಟೆ ಹಿಡ್ಕೊಂಡು ನಕ್ಕರು, ಹಾಸ್ಯಗಾರರೂ ನಕ್ಕರು, ಇದನ್ನು ಯಕ್ಷಗಾನದ ಆಟದಲ್ಲೂ ಮಾಡ್ಬಹುದು ಅಂದ್ರು.

2024ರ ಜುಲೈಯಲ್ಲಿ ಅಂಗವಿಕಲರ ಹಕ್ಕಿಗೆ ಹೋರಾಡುವ ನಿಪುಣ್ ಮಲ್ಹೋತ್ರ ಅವರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ ಅಂತ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲೂ ದೇಹದ ಕೊರತೆಯ ಒಟ್ಟಿಗೆ ಎದುರಿನ ಅಡೆತಡೆಯನ್ನೂ ಸೇರಿಸಿಯೇ ಅಂಗವಿಕಲತೆಯ ಅರ್ಥ ಕೊಟ್ಟದ್ದು. ಹಿಂದೆ ಕಾನೂನು ಓದಿ ಹೇಳಿದ್ದ ತರಬೇತಿಯಲ್ಲಿ ನಮಗೆ ಅದು ತಲೆಗೆ ಹೋಗಿರ್ಲಿಲ್ಲ, ಆ ಕ್ಲಾರ್ಕನ ಅವಸರ ನೋಡಿದಾಗ ಹೋಯ್ತು.

ಕೊನೆಗೆ ಆ ಅಮ್ಮನೇ ಎದ್ದು ನಿಂತು ಹೇಳಿದ್ರು, "ನನ್ನ ಮಗನಿಗೆ ಹೆಸರು ಹೇಳ್ಲಿಕ್ಕೆ ಸ್ವಲ್ಪ ಹೊತ್ತು ಬೇಕು, ಆದ್ರೆ ಅವನೇ ಹೇಳ್ತಾನೆ, ನನ್ನತ್ರ ಕೇಳ್ಬೇಡಿ." ಅವ ಹೇಳಿದ, ನಾವು ಕಾದೆವು.

ಮುಂದಿನ ತರಬೇತಿಗೂ ಆ ಮಾಷ್ಟ್ರನ್ನೇ ಕರೀಬೇಕು ಅಂತ ನಾವು ಕೆಲವರು ಬರೆದು ಕೊಟ್ಟಿದ್ದೇವೆ, ಬರೀ ಬಸ್ ಚಾರ್ಜು ಕೊಟ್ಟು ಅಲ್ಲ, ಬೇರೆಯವರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು.