ಕಾಕಾ, ಬೀಡಿ ಮತ್ತು ವಂಶ
ಬೆಟಗೇರಿಯ ಕಾಕಾಗೆ ಮೂತ್ರಕೋಶದ ಕ್ಯಾನ್ಸರ್ ಎಂದು ತಿಳಿದ ದಿನದಿಂದ ಮನೆಯಲ್ಲಿ ಒಂದೇ ಪ್ರಶ್ನೆ: ಇದು ವಂಶದಲ್ಲೇ ಬಂದದ್ದೇ? ಇಂದು ಹುಬ್ಬಳ್ಳಿಯಲ್ಲಿ ವೈದ್ಯರನ್ನು ಕೇಳಿಯೇ ಬಿಟ್ಟೆ. ಎನ್‌ಎಟಿ2 ಎಂಬ ಜೀನ್ ಇದೆಯಂತೆ. ಬೀಡಿ ಹೊಗೆಯ, ಕೆಲವು ಹಳೆಯ ಬಣ್ಣಗಳ ಆರೊಮ್ಯಾಟಿಕ್ ಅಮೈನ್ ಎಂಬ ವಿಷಕಾರಿ ರಾಸಾಯನಿಕಗಳನ್ನು ಯಕೃತ್ತಿನಲ್ಲಿ ನಿರಪಾಯ ಮಾಡುವ ಕಿಣ್ವ ಅದರದ್ದು. ಕೆಲವರಲ್ಲಿ ಹುಟ್ಟಿನಿಂದಲೇ ಆ ಕೆಲಸ ನಿಧಾನ. ಅಂಥವರು ಹೊಗೆ ಸೇದಿದರೆ ಅಪಾಯ ಇನ್ನಷ್ಟು. ಜಿಎಸ್‌ಟಿಎಂ1 ಎಂಬ, ಇಂಥ ವಿಷಗಳನ್ನು ಕಳೆಯಲು ನೆರವಾಗುವ ಇನ್ನೊಂದು ಜೀನ್ ಎಷ್ಟೋ ಜನರಲ್ಲಿ ಇರುವುದೇ ಇಲ್ಲ! ಆದರೂ ದೊಡ್ಡ ಕಾರಣ ತಂಬಾಕೇ ಎಂದರು.

ನಮ್ಮ ಅಜ್ಜನೂ ಬೀಡಿ ಸೇದುತ್ತಿದ್ದರು. ಕಾಕಾಗೆ ಅವರಿಂದ ಬಂದದ್ದು ಜೀನೋ, ಬೀಡಿಯ ಕಟ್ಟೋ? ಮೂತ್ರದಲ್ಲಿ ರಕ್ತ ಕಂಡಾಗ 'ಉಷ್ಣವಾಗಿದೆ' ಎಂದು ನಾಲ್ಕು ತಿಂಗಳು ಎಳನೀರು ಕುಡಿದರಲ್ಲ, ನನಗೆ ಸಿಟ್ಟು ಇರುವುದು ಅದರ ಮೇಲೆ.