ಆ ನೀಲಿ ಸಂಜೆ
ನಿನ್ನೆ ರಾತ್ರಿ ಮಂಗಳ ಗ್ರಹವನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಕೆಂಡದ ಕಿಡಿಯಂಥ ಚುಕ್ಕೆ. ಅಲ್ಲಿಗೆ ತಲುಪಲು ಸುಮಾರು 7 ತಿಂಗಳು ಬೇಕು; ಉಸಿರಾಡುವಂಥ ಗಾಳಿಯಿಲ್ಲ, ಮೈ ಕೊರೆಯುವ ಚಳಿ. ಆದರೂ ಹೋಗಲೇಬೇಕೆಂಬ ಹಂಬಲ ಮನುಷ್ಯನಿಗೆ. ಇದನ್ನು ದುರಾಸೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

2015ರಲ್ಲಿ ಮಂಗಳದ ನೆಲದ ಮೇಲೆ ಓಡಾಡುವ ಕ್ಯೂರಿಯಾಸಿಟಿ ರೋವರ್ ಎಂಬ ಯಂತ್ರ ಅಲ್ಲಿಂದ ಕಳಿಸಿದ ಸೂರ್ಯಾಸ್ತದ ಚಿತ್ರ ಈಗಲೂ ನನ್ನ ಮೊಬೈಲಿನಲ್ಲಿದೆ. ಮುಳುಗುವ ಸೂರ್ಯನ ಸುತ್ತ ಆಕಾಶ ಕೆಂಪಾಗಿಲ್ಲ, ತಿಳಿನೀಲಿಯಾಗಿದೆ! ಅಲ್ಲಿ ತೇಲುವ ನವಿರಾದ ಧೂಳು ನೀಲಿ ಬೆಳಕನ್ನೇ ಹೆಚ್ಚಾಗಿ ಹಾಯಗೊಡುತ್ತದೆ, ಅದಕ್ಕೇ ಹಾಗೆ. ಆ ಸಂಜೆಯನ್ನು ಇದುವರೆಗೆ ಕಂಡಿರುವುದು ಯಂತ್ರದ ಕಣ್ಣು ಮಾತ್ರ. ಯಾರಾದರೊಬ್ಬರು ಅಲ್ಲಿ ನಿಂತು, ಪಕ್ಕದವರ ಭುಜ ತಟ್ಟಿ, "ಅಲ್ಲಿ ನೋಡು" ಎನ್ನುವ ದಿನ ನಾನು ಬದುಕಿರಬೇಕು.