ಹನ್ನೆರಡು ಮೀಟರ್ ಹಗ್ಗ

ಮಧುಗಿರಿಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿ ಮುಗಿಯುವವರೆಗೂ ಆಟದ ಪೀರಿಯಡ್ಡು ಅಂದರೆ ನನಗೆ ಬೇವಿನ ಮರದ ನೆರಳು, ಎದುರಿಗೆ ಏಕಶಿಲಾ ಬೆಟ್ಟ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳು ಆಡುತ್ತಿದ್ದರು, ಮಿಕ್ಕವರು ಕೂತು ನೋಡುತ್ತಿದ್ದೆವು. ನಾನು ಸಣಕಲಿ, ಓಡಿದರೆ ಏದುಸಿರು. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯಬೇಕಿತ್ತು ಅಂತ ನನಗೂ ಅನ್ನಿಸಿರಲಿಲ್ಲ.

ಒಂಬತ್ತನೇ ತರಗತಿಗೆ ಹೊಸ ಪಿ.ಟಿ. ಮೇಷ್ಟ್ರು ಬಂದರು. ಮೈದಾನಕ್ಕೆ ಬಿಡುವ ಮೊದಲು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಖೋ ಖೋ ಅಂಕಣದಲ್ಲಿ ಒಂದು ಹೊತ್ತಿಗೆ ಅಟ್ಟುವವರು 9, ಓಡುವವರು 3. ತರಗತಿಯಲ್ಲಿ 52 ಮಕ್ಕಳು. "ಮಿಕ್ಕ ನಲವತ್ತು ಜನ ಏನ್ ಮಾಡ್ಬೇಕು, ಹೇಳ್ರಪ್ಪ?" ಯಾರೂ ಬಾಯಿ ಬಿಡಲಿಲ್ಲ.

ಮುಂದಿನ ವಾರ ಮೈದಾನ ನಾಲ್ಕು ಭಾಗವಾಗಿತ್ತು: ಖೋ ಖೋ, ಲಗೋರಿ, ಸ್ಕಿಪ್ಪಿಂಗ್, ಥ್ರೋಬಾಲ್. ಗುಂಪಿಗೆ ಹದಿಮೂರು ಜನ. ಖೋ ಖೋದಲ್ಲಿ ಹದಿಮೂರನೆಯವರ ಕೈಗೆ ವಿಜಿಲ್. ಪೀರಿಯಡ್ಡು 40 ನಿಮಿಷ. ಐದು ನಿಮಿಷ ಮೈ ಸಡಿಲಿಸುವುದು, ಹದಿನೈದು ನಿಮಿಷ ಒಂದು ಆಟ, ಹದಿನೈದು ನಿಮಿಷ ಇನ್ನೊಂದು, ಕೊನೆಗೆ ಉಸಿರು ತಹಬಂದಿಗೆ ಬರುವವರೆಗೆ ನಿಧಾನ ನಡಿಗೆ. ವಾರಕ್ಕೆ ಎರಡು ಪೀರಿಯಡ್ಡು, ಹಾಗಾಗಿ ವಾರ ಮುಗಿಯುವಷ್ಟರಲ್ಲಿ ಎಲ್ಲರೂ ನಾಲ್ಕೂ ಆಟ ಆಡಿರುತ್ತಿದ್ದೆವು. ಊಟದ ಬೆಲ್ಲಿನ ಹಿಂದೆಯೇ ಇದ್ದ ನಮ್ಮ ಪೀರಿಯಡ್ಡನ್ನು ಹೆಡ್‌ಮೇಷ್ಟ್ರ ಹತ್ತಿರ ಮೂರು ಸಲ ಹೋಗಿ ಬೆಳಗಿನ ಹೊತ್ತಿಗೆ ಹಾಕಿಸಿಕೊಂಡರು. "ಹೊಟ್ಟೆನೋವು ಸಾರ್" ಅಂದ ಹುಡುಗಿಯನ್ನು ಏನು, ಯಾಕೆ ಅಂತ ಕೇಳದೆ ಪಾಯಿಂಟು ಬರೆಯಲು ಕೂರಿಸುತ್ತಿದ್ದರು. ಅದೊಂದಕ್ಕೇ ನಾವು ಹೆಣ್ಣುಮಕ್ಕಳು ಅವರನ್ನು ಎಷ್ಟು ನಂಬಿದೆವು ಅನ್ನುವುದು ಬಹುಶಃ ಅವರಿಗೇ ಗೊತ್ತಿರಲಿಕ್ಕಿಲ್ಲ.

ಅಂಕಣ ಹಾಕುವ ಕೆಲಸವೂ ನಮ್ಮದೇ. ಹನ್ನೆರಡು ಮೀಟರಿನ ಹಗ್ಗದ ಎರಡು ತುದಿ ಸೇರಿಸಿ ಕಟ್ಟಿ, ಅಲ್ಲಿಂದ ಮೂರು ಮೀಟರಿಗೊಂದು, ಮತ್ತೆ ನಾಲ್ಕು ಮೀಟರಿಗೊಂದು ಗಂಟು ಹಾಕಿದ್ದರು. ಮೂವರು ಒಂದೊಂದು ಗಂಟು ಹಿಡಿದು ಬಿಗಿಯಾಗಿ ಎಳೆದರೆ, ಮೂರು ಮತ್ತು ನಾಲ್ಕು ಮೀಟರ್ ಕೂಡುವ ಕಡೆ ಮೂಲೆ ನೆಟ್ಟಗೆ ಸಿಗುತ್ತಿತ್ತು. ಅಲ್ಲಿ ಗೂಟ ಹೊಡೆದು, ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುವುದು. ಕೆಂಪು ಮಣ್ಣಿನ ಮೇಲೆ ಆ ಬಿಳಿ ಗೆರೆ ಈಗಲೂ ಕಣ್ಣಲ್ಲಿದೆ. ಮುಂದೆ ಗಣಿತದ ತರಗತಿಯಲ್ಲಿ ಪೈಥಾಗೊರಸನ ಪ್ರಮೇಯ ಬಂದಾಗ ನಮ್ಮ ಕೈಗೆ ಅದು ಆಗಲೇ ಗೊತ್ತಿತ್ತು.

ಅವರ ಹತ್ತಿರ ಒಂದು ಉದ್ದನೆಯ ಲೆಡ್ಜರ್ ಪುಸ್ತಕವಿತ್ತು. ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಪ್ರತಿಯೊಬ್ಬರ ನಿಂತ ಜಿಗಿತ ಅಳೆದು ಬರೆದುಕೊಳ್ಳುತ್ತಿದ್ದರು. ಪಕ್ಕದವರ ಅಳತೆ ಓದಿ ಹೇಳುತ್ತಿರಲಿಲ್ಲ. ನನ್ನದು 1 ಮೀಟರ್ 12 ಸೆಂಟಿಮೀಟರ್ ಇದ್ದದ್ದು 1 ಮೀಟರ್ 38ಕ್ಕೆ ಬಂತು. ಟೇಪು ಸುತ್ತುತ್ತಾ, "ಜೂನ್ ತಿಂಗಳ ನಿನ್ನನ್ನ ನೀನೇ ಸೋಲಿಸ್ದೆ ಕಣಮ್ಮ" ಅಂದರು. ತಾಲ್ಲೂಕು ಮಟ್ಟಕ್ಕೆ ನಾನು ಯಾವತ್ತೂ ಹೋಗಲಿಲ್ಲ. ಹೋಗಲಿಲ್ಲವಲ್ಲ ಅನ್ನುವ ಕೊರಗೂ ಇಲ್ಲ.

ಈಗ ನಾನು ಪಾವಗಡದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಮ್ಮಲ್ಲಿ ಪಿ.ಟಿ. ಶಿಕ್ಷಕರಿಲ್ಲ, ವೇಳಾಪಟ್ಟಿ ಹಾಕುವವಳು ನಾನು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಷ್ಟ್ರ ಕೈಯಲ್ಲಿದ್ದದ್ದು ವಾರಕ್ಕೆ 80 ನಿಮಿಷ. ಅದರಲ್ಲಿ ಒಂದು ನಿಮಿಷವನ್ನೂ ಅವರು ಪೋಲು ಮಾಡಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡ್ಡು ಕೇಳಿಕೊಂಡು ಬರುವ ಸಹೋದ್ಯೋಗಿಗಳಿಗೆ ನಾನು ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಕೊಡುವುದಿಲ್ಲ. ನನ್ನ ಬೀರುವಿನಲ್ಲೂ ಮೂರು ಗಂಟಿನ ಒಂದು ಹಗ್ಗವಿದೆ.

ಆ ಲೆಡ್ಜರ್ ನಮ್ಮ ಶಾಲೆಯ ಕ್ರೀಡಾ ಕೊಠಡಿಯಲ್ಲಿ ಇನ್ನೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬೇಸಿಗೆ ರಜೆಯಲ್ಲಿ ಬಂದು ಒಮ್ಮೆ ನೋಡುತ್ತೇನೆ.